ಒರೆಸುವ ಕೈ ಯಾರದು?

ದೊಡ್ಡನೆಕ್ಕುಂದಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ಅಳಿಸುವ 'ಫೈಲ್'ಗೆ ಕನ್ನಡದಲ್ಲಿ 'ಕಡತ' ಎಂಬ ಹೆಸರುಂಟು. ಈ ಮಾತು ಕಂಪ್ಯೂಟರಿಗಿಂತ ಬಹು ಹಳೆಯದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಪದರಪದರವಾಗಿ ಮಡಿಸಿದರೆ ಅದೇ ಕಡತ. ವರ್ತಕರೂ ಮಠಗಳೂ ಬಳಪದಿಂದ ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಬೇಡವಾದ ಬರಹವನ್ನು ಒರೆಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಿತ್ತು. ಕಡತ ಯಾರ ಕೈಯಲ್ಲಿತ್ತೋ, ಒರೆಸುವ ನಿರ್ಧಾರವೂ ಅವರದೇ.

ಕ್ಲೌಡ್‌ನಲ್ಲಿ ಹಾಗಲ್ಲ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ ಮೊದಲು ಕಸದ ಬುಟ್ಟಿ ಸೇರುತ್ತದೆ. ಹಿಂದೆ ನಾವು ಬುಟ್ಟಿ ಬರಿದು ಮಾಡುವ ತನಕ ಅಲ್ಲೇ ಇರುತ್ತಿತ್ತು. 2020ರ ಅಕ್ಟೋಬರ್‌ನಿಂದ 30 ದಿನ ಕಳೆದರೆ ತಾನೇ ಅಳಿಯುತ್ತದೆ. ಕಡತದ ಒಡೆಯ ಪೂರ್ತಿ ಅಳಿಸಿದರೆ, ಹಂಚಿಕೊಂಡವರಿಗೂ ಸಿಗದು. ಒರೆಸುವ ಕೈ ನಮ್ಮದಲ್ಲದಿದ್ದಾಗ, ಬೇಕಾದುದರ ನಕಲು ಮನೆಯಲ್ಲಿರುವುದೇ ಕ್ಷೇಮ.