ಬಿಡುವಿದ್ದಾಗ ಹಾಕಿದ್ದು

ನಮ್ಮೂರು ಗುಡವಿ ಕೆರೆಗೆ ಬರುವ ಬಿಳಿ ಐಬಿಸ್ ಹಕ್ಕಿಯನ್ನು ಮಗಳಿಗೆ ಉಲ್ಲನ್ನಿನಲ್ಲಿ ಮಾಡಿಕೊಡೋಣ ಅಂತ ಕ್ರೋಶಾ ಕಡ್ಡಿ ಹಿಡಿದೆ. ಇಂಥ ಗೊಂಬೆಗೆ ಜಪಾನಿನವರು ಅಮಿಗುರುಮಿ ಅಂತಾರೆ. ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ 12, ಆಮೇಲೆ 18. ಕೋಡ್ ಬರೆಯೋನಿಗೆ ಇದೇನು ಮಹಾ ಅಂದ್ಕೊಂಡಿದ್ದೆ. ಸುತ್ತು ಶುರುವಾದ ಜಾಗಕ್ಕೆ ಗುರುತಿನ ದಾರ ಸಿಕ್ಕಿಸದೆ ಲೆಕ್ಕ ತಪ್ಪಿ ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲ ಅಮ್ಮ ಕಡ್ಡಿ ಕಸಿದುಕೊಂಡಳು. ಮನೆ ಬಾಗಿಲ ತೋರಣ ಅವಳದೇ ಕೈಕೆಲಸ.

'ಅದೇನ್ ಕೆಲ್ಸನೋ ಮಾರಾಯ, ಬಿಡುವಿದ್ದಾಗ ಹಾಕಿದ್ದು' ಅಂದಳು.

ಈ 'ಬಿಡುವು' ಸಣ್ಣ ಮಾತಲ್ಲ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸ್ ಮಾರಿ ಹೊಟ್ಟೆ ಹೊರೆದರು. 19ನೇ ಶತಮಾನದಲ್ಲೇ ಮಿಷನರಿಗಳು ಈ ಕಸುಬನ್ನು ಆಂಧ್ರದ ನರಸಾಪುರಕ್ಕೆ ತಂದರು. ಅಲ್ಲಿಂದ ಲೇಸ್ ವಿದೇಶಕ್ಕೆ ಹೋಯಿತು, ಲಾಭ ವ್ಯಾಪಾರಿಗಳ ಪಾಲಾಯಿತು. ದಿನಕ್ಕೆ ಆರೆಂಟು ತಾಸು ಹೆಣೆದವರು ಮಾತ್ರ 'ಮನೇಲಿ ಕೂತ ಗೃಹಿಣಿಯರು'. ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಬಿಡುವಿನ ಕೆಲಸ ಅಂದುಬಿಟ್ಟರೆ ಕೂಲಿ ಇಳಿಸೋದು ಸಲೀಸು.

'ತೋರಣಕ್ಕೆ ಎಷ್ಟು ದಿನ ಹಿಡೀತು?' ಅಂತ ಕೇಳಿದೆ.

'ಒಂದು ಮಳೆಗಾಲ ಪೂರ್ತಿ' ಅಂದವಳು, ಐಬಿಸ್‌ನ ಕರಿ ತಲೆಗೆ ದಾರ ಬದಲಿಸಿದಳು.