ಐತಿಹಾಸಿಕ ನಾಟಕಗಳ ಉಡುಪು: ಕಾಲ, ಆಕರ ಮತ್ತು ಸೂಜಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ಸಂದರ್ಭದಲ್ಲಿ ನಾಟಕವಾಡುವ ಪದ್ಧತಿ ಇಂದಿಗೂ ಉಳಿದಿದೆ. ಈ ನೆಲದ ಚರಿತ್ರೆಯೂ ದಟ್ಟವಾದುದು. ಚನ್ನಗಿರಿಗೆ ಕೆಳದಿಯ ರಾಣಿ ಚೆನ್ನಮ್ಮನಿಂದ ಆ ಹೆಸರು ಬಂದಿತೆಂಬ ಪ್ರತೀತಿಯಿದೆ. ಸಂತೇಬೆನ್ನೂರಿನ ಪುಷ್ಕರಿಣಿ ಕೆಂಗ ಹನುಮಪ್ಪನಾಯಕನ ನಿರ್ಮಿತಿ. ಜಗಳೂರು ಚಿತ್ರದುರ್ಗದ ನಾಯಕರ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶ. ಆದರೆ 12ನೆಯ ಶತಮಾನದ ಬಿಜ್ಜಳ, 16ನೆಯ ಶತಮಾನದ ಕೃಷ್ಣದೇವರಾಯ, 18ನೆಯ ಶತಮಾನದ ಮದಕರಿನಾಯಕ ಈ ಮೂವರೂ ರಂಗದ ಮೇಲೆ ಬಾಡಿಗೆಗೆ ತಂದ ಒಂದೇ ಬಗೆಯ ಮಕಮಲ್ಲಿನ ಅಂಗಿ, ಜರತಾರಿ ಅಂಚು, ಹೊಳೆಯುವ ಕಿರೀಟಗಳಲ್ಲಿ ಕಾಣಿಸಿಕೊಳ್ಳುವುದುಂಟು. ಆರುನೂರು ವರ್ಷಗಳ ಅಂತರ ಒಂದೇ ಪೆಟ್ಟಿಗೆಯಲ್ಲಿ ಅಡಗಿಹೋಗುತ್ತದೆ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ವೃತ್ತಿರಂಗಭೂಮಿಯ ಉಡುಪಿಗೆ ತನ್ನದೇ ತರ್ಕವಿತ್ತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಹಿಂದಿನ ಸಾಲಿನ ಪ್ರೇಕ್ಷಕನಿಗೂ ರಾಜನು ರಾಜನಾಗಿ ಕಾಣಬೇಕಿತ್ತು. ಜರಿ ಹೊಳೆಯುತ್ತಿತ್ತು, ಕೈಮಗ್ಗದ ಹತ್ತಿ ಮಂಕಾಗುತ್ತಿತ್ತು. ಊರಿಂದೂರಿಗೆ ಸಾಗುವ ಕಂಪನಿಗೆ ಒಂದೇ ಉಡುಪು ಹಲವು ನಾಟಕಗಳಿಗೆ ಒದಗಬೇಕಿತ್ತು. ಪಾರ್ಸಿ ಮತ್ತು ಮರಾಠಿ ಕಂಪನಿಗಳ ಪ್ರಭಾವದ ಜೊತೆಗೆ, 1894ರಲ್ಲಿ ಆರಂಭವಾದ ರಾಜಾ ರವಿವರ್ಮನ ಮುದ್ರಣಾಲಯದ ಚಿತ್ರಗಳು ಮನೆಮನೆಗೆ ತಲುಪಿ, ಪುರಾಣಪಾತ್ರಗಳು ಹೀಗೆಯೇ ಇದ್ದವೆಂಬ ನಂಬಿಕೆಯನ್ನು ಗಟ್ಟಿಗೊಳಿಸಿದವು. ಪುರಾಣಕ್ಕೆ ಒಪ್ಪಿದ ಈ ವೇಷವೇ ಇತಿಹಾಸಕ್ಕೂ ಬಳಕೆಯಾದಾಗ ತೊಡಕು ಹುಟ್ಟಿತು.

ಕಾಲಕ್ಕೆ ತಕ್ಕ ಉಡುಪನ್ನು ಹೊಲಿಯಲು ಆಕರಗಳ ಕೊರತೆಯೇನೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಸನ ವಸ್ತ್ರಭೋಗಕ್ಕೇ ಒಂದು ಭಾಗ ಮೀಸಲಾಗಿದೆ. ಯಾವ ದೇಶದ ಬಟ್ಟೆ, ಯಾವ ಋತುವಿಗೆ ಯಾವುದು ಎಂಬ ವಿವರ ಅಲ್ಲಿದೆ. ಹೊಯ್ಸಳ ಶಿಲ್ಪಗಳು ಆಭರಣಗಳನ್ನೂ ನಿರಿಗೆಗಳನ್ನೂ ತೋರಿಸುತ್ತವೆಯಾದರೂ ಕಲ್ಲು ಬಣ್ಣವನ್ನು ಹೇಳಲಾರದು. ಆ ಕೊರತೆಯನ್ನು ಮೂಡುಬಿದಿರೆಯ ಧವಲಾ ತಾಳೆಗರಿ ಪ್ರತಿಗಳ 12ನೆಯ ಶತಮಾನದ ಚಿತ್ರಗಳು ಕೆಲಮಟ್ಟಿಗೆ ತುಂಬುತ್ತವೆ. ವಿಜಯನಗರ ಕಾಲಕ್ಕೆ ಲೇಪಾಕ್ಷಿಯ ಚಿತ್ರಗಳಿವೆ. ಮೈಸೂರು ಅರಸರ ಕಾಲಕ್ಕೆ ಶ್ರವಣಬೆಳಗೊಳದ ಜೈನಮಠದ ಭಿತ್ತಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರಣವಿದೆ.

ಇಲ್ಲೊಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಪ್ರಾಚೀನ ಕನ್ನಡನಾಡಿನಲ್ಲಿ ಉಡುವ ಬಟ್ಟೆಯಿತ್ತೇ ಹೊರತು ಹೊಲಿದ ಬಟ್ಟೆ ಇರಲಿಲ್ಲವೆಂಬ ಮಾತು ಕೇಳಿಬರುತ್ತದೆ. ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆ. ಸೂಜಿಯೇ ಒಬ್ಬನ ಕಾಯಕವಾಗಬೇಕಾದರೆ ಹೊಲಿಗೆಗೆ ಬೇಡಿಕೆ ಇದ್ದಿರಲೇಬೇಕು. ಲಂಕೇಶರ 'ಸಂಕ್ರಾಂತಿ', ಕಾರ್ನಾಡರ 'ತಲೆದಂಡ' ನಾಟಕಗಳಿಗೆ ಬಟ್ಟೆ ಸಿದ್ಧಪಡಿಸುವವರು ಈ ಸಂಗತಿಯನ್ನು ಮರೆಯುವಂತಿಲ್ಲ.

ವಿಜಯನಗರದ ಉದಾಹರಣೆ ಇನ್ನೂ ಸ್ವಾರಸ್ಯಕರವಾದುದು. ಕೃಷ್ಣದೇವರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ವಸ್ತ್ರವನ್ನೂ ಜರಿಯ ಟೊಪ್ಪಿಗೆಯನ್ನೂ ಬರಿಗಾಲನ್ನೂ ವರ್ಣಿಸಿದ್ದಾನೆ. ತಿರುಮಲೆಯ ಲೋಹಪ್ರತಿಮೆಯಲ್ಲಿಯೂ ರಾಯನ ತಲೆಯ ಮೇಲೆ ಕಿರೀಟವಿಲ್ಲ, ಎತ್ತರದ ಟೊಪ್ಪಿಗೆಯಿದೆ. ಇದೇ ಕುಲ್ಲಾಯಿ. 'ಕಬಾಯಿ' ಎಂಬ ಉದ್ದನೆಯ ಅಂಗಿಯೊಡನೆ ಪಶ್ಚಿಮ ಏಷ್ಯಾದ ಕಡೆಯಿಂದ ಬಂದು ಆಸ್ಥಾನದ ಮರ್ಯಾದೆಯ ಉಡುಪಾದದ್ದು ಅದು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರೆಂಬ ಗಾದೆಯಲ್ಲಿ ಆ ಪದ ಇಂದಿಗೂ ಜೀವಂತವಾಗಿದೆ. ರಾಯನ ತಲೆಯಿಂದ ಇಳಿದು ತೊಟ್ಟಿಲಿಗೆ ಬಂದ ಟೊಪ್ಪಿಗೆ, ರಂಗದ ಮೇಲಿನ ರಾಯನ ತಲೆಗೆ ಮಾತ್ರ ಮರಳಲಿಲ್ಲ.

ಆಧುನಿಕ ರಂಗಭೂಮಿ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ. ಇಬ್ರಾಹಿಂ ಅಲ್ಕಾಜಿಯವರ ನಾಟಕಗಳಿಗೆ ಉಡುಪು ರೂಪಿಸಿದ ರೋಶನ್ ಅಲ್ಕಾಜಿ, ಶಿಲ್ಪ ಮತ್ತು ಚಿತ್ರಗಳನ್ನು ಆಧರಿಸಿ ಪ್ರಾಚೀನ ಭಾರತದ ಉಡುಪಿನ ಕುರಿತ ಗ್ರಂಥವನ್ನು 1983ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಪ್ರೇಮಾ ಕಾರಂತರು ವಸ್ತ್ರವಿನ್ಯಾಸವನ್ನು ನಾಟಕದ ಅರ್ಥದ ಭಾಗವಾಗಿ ಕಂಡರು.

ಕಾಲೋಚಿತ ಉಡುಪು ಹೆಚ್ಚು ವೆಚ್ಚದ್ದೆಂಬ ಆತಂಕಕ್ಕೆ ಆಧಾರ ಕಡಿಮೆ. ಬಿಳಿಯ ಹತ್ತಿ ಧೋತರ, ಹೆಗಲ ವಸ್ತ್ರ, ಸೊಂಟಪಟ್ಟಿ, ಊರ ದರ್ಜಿ ಹೊಲಿಯಬಲ್ಲ ಒಂದು ಎತ್ತರದ ಟೊಪ್ಪಿಗೆ ಇವು ಮಕಮಲ್ಲಿಗಿಂತ ಅಗ್ಗವೇ. ಬೇಕಾದುದು ಆಕರದತ್ತ ಒಂದು ನೋಟ. ಶಾಸನ, ಕಾವ್ಯಗಳನ್ನು ಓದದ ಸಾವಿರಾರು ಮಂದಿಗೆ ಇತಿಹಾಸವು ದೊರೆಯುವುದು ಜಾತ್ರೆಯ ರಂಗದ ಮೇಲೆ. ಅಲ್ಲಿ ಎಲ್ಲ ಅರಸರೂ ಒಂದೇ ವೇಷದಲ್ಲಿದ್ದರೆ, ಎಲ್ಲ ಕಾಲವೂ ಒಂದೇ ಆಗಿತ್ತೆಂದು, ಹೊರಗಿನಿಂದ ಏನೂ ಬರಲಿಲ್ಲ, ಏನೂ ಬದಲಾಗಲಿಲ್ಲವೆಂದು ಅವರು ನಂಬುತ್ತಾರೆ. ಕುಲಾವಿಯ ಕಥೆ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಅದನ್ನು ಹೇಳುವ ಹೊಣೆ ಸಾಹಿತ್ಯ ವಿದ್ಯಾರ್ಥಿಯ ಮೇಲಿರುವಷ್ಟೇ ದರ್ಜಿಯ ಸೂಜಿಯ ಮೇಲೂ ಇದೆ.