ಮಗು ತಲೆ ಚಚ್ಚಿಕೊಳ್ಳುವುದು ಯಾಕೆ?

ಆಟಿಸಂ ಇರುವ ಮಗುವೊಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ಹೆತ್ತವರ ಕರುಳು ಕಿತ್ತುಬರುತ್ತದೆ. ಮೊದಲು ಅದು ನಿಂತರೆ ಸಾಕು ಅನ್ನಿಸುತ್ತದೆ. ವರ್ತನಾ ಚಿಕಿತ್ಸೆ ಕೂಡ ಬಹುಕಾಲ ‘ಹೇಗೆ ನಿಲ್ಲಿಸುವುದು’ ಎಂದಷ್ಟೇ ಕೇಳುತ್ತಿತ್ತು.

1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮನೋವಿಜ್ಞಾನಿ ಐವರ್ ಲೋವಾಸ್ ನಡೆಸಿದ ಪ್ರಯೋಗಗಳನ್ನು ಓದಿದರೆ ಇವತ್ತಿಗೂ ಸಂಕಟವಾಗುತ್ತದೆ. ಗಮನ ಕೊಡದೆ ಬಿಟ್ಟರೆ ಮಗು ತನ್ನನ್ನು ಹೊಡೆದುಕೊಳ್ಳುವುದು ಕೊನೆಗೆ ನಿಲ್ಲುತ್ತಿತ್ತು, ನಿಜ. ಆದರೆ ಅಷ್ಟರೊಳಗೆ ಸಾವಿರಾರು ಏಟು ಬಿದ್ದಿರುತ್ತಿದ್ದವು. ಹಾಗಾಗಿ ವಿದ್ಯುತ್ ಆಘಾತ ಕೊಟ್ಟರು. ವರ್ತನೆ ಬೇಗ ನಿಂತಿತು, ಆದರೆ ಆಘಾತ ಕೊಟ್ಟ ಜಾಗದಲ್ಲಿ ಮಾತ್ರ. 1969ರಲ್ಲಿ ಲೋವಾಸ್ ಮತ್ತು ಸಿಮನ್ಸ್ ಅವರೇ ಇದನ್ನು ವರದಿ ಮಾಡಿದರು. ಮಗು ಹಾಗೇಕೆ ಮಾಡುತ್ತಿದೆ ಎಂಬುದಕ್ಕೆ ಆಘಾತದಲ್ಲಿ ಉತ್ತರವಿರಲಿಲ್ಲ.

ಆ ‘ಯಾಕೆ’ಯನ್ನು 1977ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಕಾರ್ ಮುಂದಿಟ್ಟರು. ಯಾರಾದರೂ ನೋಡಲಿ ಎಂದೋ, ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲೋ, ಆ ಸಂವೇದನೆಯೇ ಬೇಕೆಂದೋ, ಅಥವಾ ದೇಹದೊಳಗಿನ ತೊಂದರೆಯಿಂದಲೋ? ಪ್ರಶ್ನೆಗೆ ಪ್ರಯೋಗದ ರೂಪ ಬಂದದ್ದು 1982ರಲ್ಲಿ. ಬಾಲ್ಟಿಮೋರ್‌ನಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಒಂಬತ್ತು ಜನರನ್ನು ನಾಲ್ಕು ಸನ್ನಿವೇಶಗಳಲ್ಲಿ, ಹದಿನೈದು ಹದಿನೈದು ನಿಮಿಷ ಗಮನಿಸಿದರು. ಒಂದರಲ್ಲಿ, ಹೊಡೆದುಕೊಂಡಾಗ ಮಾತ್ರ ದೊಡ್ಡವರು ಕಾಳಜಿ ತೋರಿ ‘ಹಾಗೆ ಮಾಡಬೇಡ’ ಎನ್ನುತ್ತಿದ್ದರು. ಇನ್ನೊಂದರಲ್ಲಿ, ಹೊಡೆದುಕೊಂಡರೆ ಪಾಠ ನಿಲ್ಲುತ್ತಿತ್ತು. ಮತ್ತೊಂದರಲ್ಲಿ ಮಗು ಒಂಟಿ. ನಾಲ್ಕನೆಯದರಲ್ಲಿ ಬರೀ ಆಟ. ಒಂಬತ್ತರಲ್ಲಿ ಆರು ಜನರಲ್ಲಿ ವರ್ತನೆ ನಿರ್ದಿಷ್ಟ ಸನ್ನಿವೇಶವೊಂದರಲ್ಲಿ ಸ್ಪಷ್ಟವಾಗಿ ಹೆಚ್ಚಿತು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಏಟಿನ ಹಿಂದೆ ಬೇರೆ ಬೇರೆ ಕಾರಣಗಳಿದ್ದವು. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣದು.

ಕಾರಣ ತಿಳಿದ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು. 1985ರಲ್ಲಿ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳಿಗೆ ಮಾತು ಕಲಿಸಿದರು. ಗಮನ ಬೇಕಿದ್ದ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದೀನಾ?’ ಎನ್ನುವುದನ್ನು, ಪಾಠ ಕಷ್ಟವಾದ ಮಗುವಿಗೆ ‘ನನಗೆ ಅರ್ಥವಾಗ್ತಿಲ್ಲ’ ಎನ್ನುವುದನ್ನು. ಕಾರಣಕ್ಕೆ ಹೊಂದುವ ಮಾತು ಕಲಿತಾಗ ರಂಪ ಇಳಿಯಿತು; ಹೊಂದದ ಮಾತಿನಿಂದ ಏನೂ ಆಗಲಿಲ್ಲ.

ಆದರೆ ಮನೆ ಪ್ರಯೋಗಾಲಯವಲ್ಲ. ಅಮ್ಮ ಒಲೆಯ ಮುಂದಿರುತ್ತಾಳೆ, ಮಗು ಕೇಳಿದ್ದು ಆ ಕ್ಷಣಕ್ಕೆ ಸಿಗುವುದಿಲ್ಲ, ಬಿಟ್ಟುಹೋಗಿದ್ದ ವರ್ತನೆ ಮರುಕಳಿಸುತ್ತದೆ. ‘ಚಿಕಿತ್ಸೆ ಫಲಿಸಲಿಲ್ಲ’ ಎಂದು ತಾಯಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಇಲ್ಲಿ ನೆರವಿಗೆ ಬಂದದ್ದು ಪಾರಿವಾಳಗಳ ಅಧ್ಯಯನ. ಅದರ ಆಧಾರದ ಮೇಲೆ, ಚಲಿಸುವ ವಸ್ತುವಿಗಿರುವಂತೆ ವರ್ತನೆಗೂ ಸಂವೇಗವಿದೆ ಎಂದು 1983ರಲ್ಲಿ ಜಾನ್ ನೆವಿನ್ ಮತ್ತು ಸಂಗಡಿಗರು ವಾದಿಸಿದ್ದರು: ಒಂದು ಸನ್ನಿವೇಶದಲ್ಲಿ ಪ್ರತಿಫಲ ಹೆಚ್ಚಿದಷ್ಟೂ ಅಲ್ಲಿನ ವರ್ತನೆ ಅಡ್ಡಿಗಳಿಗೆ ಜಗ್ಗುವುದಿಲ್ಲ. ಇದರಿಂದ ಕಳವಳಕಾರಿ ಸಂಗತಿಯೊಂದು ಹೊರಬಿತ್ತು. ಒಳ್ಳೆಯ ಮಾತಿಗೆ ಕೊಡುವ ಪ್ರತಿಫಲ, ಅದೇ ಸನ್ನಿವೇಶದಲ್ಲಿರುವ ಹಳೆಯ ವರ್ತನೆಯ ಹಟವನ್ನೂ ಬಲಪಡಿಸಬಹುದು. 2010ರಲ್ಲಿ ಚಾರ್ಲ್ಸ್ ಮೇಸ್ ತಂಡ ಇದನ್ನು ಮಕ್ಕಳಲ್ಲೇ ತೋರಿಸಿ, ಹೊಸ ಮಾತನ್ನು ಮೊದಲು ಬೇರೆ ಸನ್ನಿವೇಶದಲ್ಲಿ ಕಲಿಸುವ ಪರಿಹಾರ ಸೂಚಿಸಿತು. ವೇಯ್ನ್ ಫಿಷರ್, ಬ್ರಯಾನ್ ಗ್ರೀರ್ ಮುಂತಾದವರು ಸಂಕೇತಗಳನ್ನು ಬಳಸಿದರು: ಒಂದು ಬಣ್ಣದ ಕಾರ್ಡ್ ಇದ್ದರೆ ಈಗ ಕೇಳಿದ್ದು ಸಿಗುತ್ತದೆ, ಇನ್ನೊಂದಿದ್ದರೆ ಕಾಯಬೇಕು. ಸಂವೇಗ ಸಿದ್ಧಾಂತದ ಎಲ್ಲ ನಿರೀಕ್ಷೆಗಳೂ ನಿಜವಾಗಲಿಲ್ಲ. 2017ರಲ್ಲಿ ಶಹಾನ್ ಮತ್ತು ಕ್ರೇಗ್, ಮರುಕಳಿಕೆಯನ್ನು ಆಯ್ಕೆಯಾಗಿ ನೋಡುವ ಹೊಸ ಸಿದ್ಧಾಂತ ಕೊಟ್ಟರು. ಚರ್ಚೆ ನಡೆಯುತ್ತಲೇ ಇದೆ.

ಆಘಾತದ ಕಾಲವೂ ಪೂರ್ತಿ ಮುಗಿದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಇಂಥ ಆಘಾತ ಸಾಧನಗಳ ಮೇಲೆ ತಂದ ನಿಷೇಧವನ್ನು ಮರುವರ್ಷವೇ ನ್ಯಾಯಾಲಯ ರದ್ದುಮಾಡಿತು. ಹೊಂದಿಕೊಳ್ಳುವುದನ್ನೇ ಗುರಿಯಾಗಿಸಿದ ಚಿಕಿತ್ಸೆ ತಮ್ಮನ್ನು ಗಾಸಿಗೊಳಿಸಿತು ಎಂದು ಆಟಿಸಂ ಇರುವ ವಯಸ್ಕರು ಹೇಳುತ್ತಿದ್ದಾರೆ. ಆ ದನಿಯನ್ನು ಕಿವಿಗೊಟ್ಟು ಕೇಳಲೇಬೇಕು.

ಮಗುವನ್ನು ಚಿಕಿತ್ಸೆಗೆ ಕರೆದೊಯ್ಯುವ ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಮೊದಲು ಹಲ್ಲುನೋವು, ಕಿವಿನೋವು ಇದೆಯೇ ಎಂದು ವೈದ್ಯರಿಗೆ ತೋರಿಸಿ. ಆಮೇಲೆ ಚಿಕಿತ್ಸಕರನ್ನು ಕೇಳಿ: ಇವನು ಹೀಗೆ ಮಾಡುವುದು ಯಾಕೆಂದು ಹೇಗೆ ಕಂಡುಹಿಡಿದಿರಿ? ‘ಬೇಡ’, ‘ಸಾಕು’, ‘ಬಾ’ ಎನ್ನಲು ಇವನಿಗೆ ಯಾವಾಗ ಕಲಿಸುತ್ತೀರಿ?